ಬಾಗಲೂರಿಗೆ ಮೊದಲು ಬಂದದ್ದು ಯಾವುದು?

ಬಹಳ ದಿನದಿಂದ ಇದನ್ನು ಬರೀಬೇಕು ಅಂದುಕೊಳ್ತಿದ್ದೆ, ಸೋಮಾರಿತನ ಬಿಟ್ಟಿರಲಿಲ್ಲ. ಹೋದ ತಿಂಗಳು ನಮ್ಮ ಬಡಾವಣೆಯ ಮೀಟಿಂಗಿನಲ್ಲಿ ಕೇಳಿದ ಒಂದು ಮಾತು ಮಾತ್ರ ತಲೆಯಿಂದ ಹೋಗ್ತಾನೇ ಇಲ್ಲ. ಅದಕ್ಕೇ ಇವತ್ತು ಪಟ್ಟು ಹಿಡಿದು ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಬಂದು ಓದಿ.

ನಾನಿರೋದು ಬಾಗಲೂರಿನ ಹತ್ತಿರ. ಹೊಸೂರಿನ ಪಕ್ಕದ ಬಾಗಲೂರು ಅಲ್ಲ ಸ್ವಾಮಿ, ಯಲಹಂಕದ ಕಡೆಯ ಬಾಗಲೂರು, ಜಾಲ ಹೋಬಳಿ. ವಿಳಾಸ ಹೇಳಿದಾಗಲೆಲ್ಲ ಈ ವಿವರಣೆ ಕೊಟ್ಟು ಕೊಟ್ಟು ಸಾಕಾಗಿದೆ. ನಮ್ಮ ಬಡಾವಣೆಯಿಂದ ಬಸ್ಸು ಹಿಡೀಬೇಕು ಅಂದ್ರೆ ಇಪ್ಪತ್ತು ನಿಮಿಷ ನಡೀಬೇಕು. ಮಳೆಗಾಲದಲ್ಲಿ ಆ ಇಪ್ಪತ್ತು ಮೂವತ್ತಾಗುತ್ತೆ. ಹಾಗಾಗಿ ನಾವೊಂದಿಷ್ಟು ಜನ ಸೇರಿ, ಬಡಾವಣೆಯ ಮೂಲೆವರೆಗೆ ಸಿಟಿ ಬಸ್ಸು ಬರಲಿ, ಅಲ್ಲೊಂದು ತಂಗುದಾಣ ಆಗಲಿ ಅಂತ ಒಂದು ಅರ್ಜಿ ಬರೆದೆವು. ಸಹಿ ಹಾಕಿಸೋಣ ಅಂತ ಅದನ್ನು ಮೀಟಿಂಗಿಗೆ ತಗೊಂಡು ಹೋದೆ.

ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ನನಗೆ ಬಹಳ ಬೇಕಾದವರು. ಅರ್ಜಿ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು, "ನೋಡಪ್ಪಾ, ಬಸ್ ಸ್ಟಾಪ್ ಆಯ್ತು ಅಂದ್ರೆ ಪಕ್ಕದಲ್ಲೊಂದು ಬೀಡಾ ಅಂಗಡಿ ಬರುತ್ತೆ. ಬೀಡಾ ಅಂಗಡಿ ಬಂದ ಮೇಲೆ ಗಾಂಜಾ ಹುಡುಗರು ಬರ್ತಾರೆ. ಎಲ್ಲರ ಮನೇಲೂ ಬೆಳೆಯೋ ಮಕ್ಕಳಿದಾವೆ. ಇಲ್ಲದ ಉಸಾಬರಿ ನಮಗ್ಯಾಕೆ?" ಅಂದರು. ಇಡೀ ಸಭೆ ತಲೆಯಾಡಿಸಿತು. ನಲವತ್ತು ಮನೆಯವರು ಬಂದಿದ್ದರು, ನನಗೆ ಸಿಕ್ಕಿದ್ದು ಹನ್ನೊಂದು ಸಹಿ.

ಅವರ ಭಯವನ್ನು ನಾನು ನಗೆಯಾಡಿ ತಳ್ಳಿಹಾಕೋಕೆ ತಯಾರಿಲ್ಲ. ನಮ್ಮ ಕಡೆ ಖಾಲಿ ಬಿದ್ದ ಕಲ್ಲುಕ್ವಾರಿಗಳು, ಅರ್ಧ ಕಟ್ಟಿ ಬಿಟ್ಟ ಮನೆಗಳು ಬೇಕಾದಷ್ಟಿವೆ. ಅಲ್ಲಿ ಸಂಜೆ ಮೇಲೆ ಯಾರು ಕೂರ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ಬಸ್ಸಿಗೂ ಗಾಂಜಾಗೂ ಅವರು ಹಾಕಿದ ಗಂಟು ಇದೆಯಲ್ಲ, ಅದು ನಿಜವಾ ಅನ್ನೋ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಕಡೆಗೆ ಮೊದಲು ಬಂದದ್ದು ಬಸ್ಸೋ, ರೈಲೋ, ಮಾದಕ ಮಾಲೋ? ಯಾವುದು ಯಾವ ದಾರಿಯಲ್ಲಿ ಬಂತು? ಒಂದಿಷ್ಟು ಹಳೇ ಕತೆ ಕೆದಕಿ ನೋಡಿದೆ.

ರೈಲು ಪಕ್ಕದಲ್ಲೇ ಹೋಯಿತು

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಮದರಾಸಿನ ಕಡೆಯಿಂದ ದಂಡಿನ ಸ್ಟೇಷನ್ನಿಗೆ. ಉತ್ತರ ದಿಕ್ಕಿಗೆ ಹಳಿ ಬೀಳೋಕೆ ಅದಾದ ಮೇಲೂ ಬಹಳ ವರ್ಷ ಹಿಡೀತು. ನಮ್ಮ ಸೀಮೆಗೆ ಸಂಬಂಧಪಟ್ಟದ್ದು ಅಂದ್ರೆ ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ. ಎರಡೂವರೆ ಅಡಿ ಅಗಲದ ಪುಟಾಣಿ ಹಳಿ. 1915ರ ಸುಮಾರಿಗೆ ಯಶವಂತಪುರದಿಂದ ಯಲಹಂಕದ ಮೇಲೆ ದೇವನಹಳ್ಳಿಯ ಕಡೆಗೆ ಹೋಯಿತು, ಆಮೇಲೆ ಚಿಕ್ಕಬಳ್ಳಾಪುರ ಮುಟ್ಟಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಸ್ಟೇಷನ್ನುಗಳ ಆ ಕಾಲದ ಹೆಂಚಿನ ಕಟ್ಟಡಗಳು ಇವತ್ತಿಗೂ ನಿಂತಿವೆ. ಪಾಳುಬಿದ್ದಿದ್ದ ಅವುಗಳ ದುರಸ್ತಿಗೆ ಇಂಟ್ಯಾಕ್‌ನವರು ಈಚೆಗೆ ಕೈಹಾಕಿದರು. ನೋಡಿಲ್ಲದಿದ್ದರೆ ಒಂದು ಭಾನುವಾರ ಹೋಗಿ ಬನ್ನಿ.

ಈ ಹಳಿ ಬೆಟ್ಟಹಲಸೂರು, ದೊಡ್ಡಜಾಲದ ಮೇಲೆ ಹೋಯಿತು. ಬಾಗಲೂರು ಅದರಿಂದ ಪೂರ್ವಕ್ಕೆ ಕೆಲವು ಕಿಲೋಮೀಟರ್ ಆಚೆ ಉಳಿಯಿತು. ನೂರು ವರ್ಷದ ಮೇಲೂ ಪರಿಸ್ಥಿತಿ ಹೆಚ್ಚು ಬದಲಾಗಿಲ್ಲ. ಬಳ್ಳಾರಿ ರಸ್ತೆಯಲ್ಲಿ 'ಬಾಗಲೂರು ಕ್ರಾಸ್' ಅನ್ನೋ ಮೆಟ್ರೋ ಸ್ಟೇಷನ್ ಕಟ್ಟುತ್ತಿದ್ದಾರೆ. ದೂರದ ನೆಂಟರು "ನಿಮ್ಮೂರಿಗೆ ಮೆಟ್ರೋ ಬಂತಂತೆ!" ಅಂತ ಫೋನ್ ಮಾಡ್ತಾರೆ. ಕ್ರಾಸಿಂದ ಊರಿಗೆ ಬರಬೇಕಾದರೆ ಮತ್ತೆ ಒಂದು ಪ್ರಯಾಣ ಇದೆ ಅಂತ ಅವರಿಗೇನು ಗೊತ್ತು!

ಬಸ್ಸಿನ ಕತೆಯೂ ಹೀಗೇ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಅಂತ ಶುರುವಾಯಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬಿಟಿಎಸ್ ಆಯಿತು, 1997ರಲ್ಲಿ ಬಿಎಂಟಿಸಿ ಆಯಿತು. ಹೆಸರು ಬದಲಾದಂತೆ ಊರೂ ಹಿಗ್ಗಿತು, ಬಸ್ಸು ಮಾತ್ರ ಊರಿನ ಹಿಂದೆ ಏದುಸಿರು ಬಿಡ್ತಾ ಓಡಿಬಂತು. ಮೊದಲು ಮನೆ ಕಟ್ಟೋದು, ಆಮೇಲೆ ರಸ್ತೆ ಕೇಳೋದು, ಕೊನೆಗೆ ಬಸ್ಸು ಕೇಳೋದು. ಬೆಂಗಳೂರಿನ ಹೊರವಲಯದಲ್ಲಿ ಇದೇ ಕ್ರಮ, ನಾವೂ ಹಾಗೇ ಮಾಡಿದವರು.

ಸರ್ಕಾರವೇ ಲೆಕ್ಕ ಇಡುತ್ತಿದ್ದ ಕಾಲ

ಇನ್ನು ಗಾಂಜಾ. ಇದೇನೋ ನಿನ್ನೆ ಮೊನ್ನೆ ಬೆಂಗಳೂರಿಗೆ ಬಂದ ಪಿಡುಗು ಅಂತ ನಾವು ಮಾತಾಡ್ತೀವಿ. ಮೈಸೂರು ಸಂಸ್ಥಾನದ ಅಬಕಾರಿ ಲೆಕ್ಕದಲ್ಲಿ ಹೆಂಡ, ಸಾರಾಯಿಯ ಜೊತೆಗೆ ಅಫೀಮು, ಗಾಂಜಾಗಳಿಗೂ ಜಾಗ ಇತ್ತು. ಲೈಸೆನ್ಸ್ ಪಡೆದ ಅಂಗಡಿ, ಅದಕ್ಕೆ ಸುಂಕ, ಸುಂಕಕ್ಕೆ ಲೆಕ್ಕ. ಬ್ರಿಟಿಷ್ ಸರ್ಕಾರ ಅಫೀಮಿಗೆ 1878ರಲ್ಲೇ ಕಾನೂನು ಮಾಡಿತ್ತು. 1893-94ರಲ್ಲಿ ಗಾಂಜಾ, ಭಂಗಿಯ ಬಗ್ಗೆ ವಿಚಾರಣೆ ಮಾಡೋಕೆ ಒಂದು ಆಯೋಗವನ್ನೇ ನೇಮಿಸಿತು. ಆ ಆಯೋಗ ಪೂರ್ತಿ ನಿಷೇಧ ಬೇಡ, ಹತೋಟಿ ಮತ್ತು ತೆರಿಗೆ ಸಾಕು ಅಂತ ಹೇಳಿತು. ಸರಿಯೋ ತಪ್ಪೋ ಬೇರೆ ಮಾತು. ಮಾಲು ಎಲ್ಲಿಂದ ಬಂತು, ಯಾರು ಮಾರಿದರು ಅನ್ನೋದಕ್ಕೆ ಆಗ ಒಂದು ಪುಸ್ತಕ ಇತ್ತು ಅಷ್ಟೆ.

ಸ್ವಾತಂತ್ರ್ಯದ ಮೇಲೆ ಲೋಕದ ಗಾಳಿ ಬದಲಾಯಿತು. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತವೂ ಸೇರಿತು. ಕೊನೆಗೆ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು, ಆ ವರ್ಷದ ನವೆಂಬರ್ 14ರಿಂದ ಜಾರಿಯಾಯಿತು. ಭಂಗಿ ಸೊಪ್ಪನ್ನು ಆ ಕಾಯ್ದೆಯ ವ್ಯಾಖ್ಯೆಯಿಂದ ಹೊರಗಿಟ್ಟರು, ಗಿಡದ ಹೂಗೊಂಚಲನ್ನು ಒಳಗೆ ಸೇರಿಸಿದರು. ಅಲ್ಲಿಗೆ ಅಂಗಡಿಯಲ್ಲಿದ್ದ ಗಾಂಜಾ ಸಂದಿಗೆ ಹೋಯಿತು.

2001ರಲ್ಲಿ ಈ ಕಾಯ್ದೆಗೆ ಒಂದು ಮುಖ್ಯ ತಿದ್ದುಪಡಿ ಆಯಿತು. ಎಷ್ಟು ಮಾಲು ಇದ್ದರೆ 'ಅಲ್ಪ ಪ್ರಮಾಣ', ಎಷ್ಟಿದ್ದರೆ 'ವಾಣಿಜ್ಯ ಪ್ರಮಾಣ' ಅಂತ ಪಟ್ಟಿ ಮಾಡಿದರು. ಗಾಂಜಾ ಆದರೆ 20 ಕಿಲೋ ದಾಟಿದರೆ ವಾಣಿಜ್ಯ. ಎಂಡಿಎಂಎ ಅನ್ನೋ ರಾಸಾಯನಿಕ ಆದರೆ 10 ಗ್ರಾಂ ದಾಟಿದರೇ ವಾಣಿಜ್ಯ. ಎರಡಕ್ಕೂ ಕನಿಷ್ಠ ಹತ್ತು ವರ್ಷ ಜೈಲು.

ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 20 ಕಿಲೋ ಗಾಂಜಾ ಸಾಗಿಸೋಕೆ ಒಂದು ಚೀಲ ಬೇಕು, ಚೀಲ ಹೊರೋಕೆ ಆಳು ಬೇಕು, ಅದು ಘಮ್ಮಂತ ವಾಸನೆ ಬೇರೆ ಹೊಡೆಯುತ್ತೆ. ಹತ್ತು ಗ್ರಾಂ ಪುಡಿ ಅಂಗಿಯ ಜೇಬಲ್ಲಿ ಕಾಣದ ಹಾಗೆ ಇರುತ್ತೆ. ಕಾನೂನಿನ ಕಣ್ಣಲ್ಲಿ ಎರಡೂ ಒಂದೇ ತೂಕ.

2008ರ ಮೇ ತಿಂಗಳು

ನಮ್ಮ ಉತ್ತರ ಬೆಂಗಳೂರಿನ ಚರಿತ್ರೆಯನ್ನು ಎರಡು ಭಾಗ ಮಾಡಿ ಅಂದರೆ ನಾನು ಗೆರೆ ಎಳೆಯೋದು 2008ರ ಮೇ 24ಕ್ಕೆ. ಅವತ್ತು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು, ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿದ್ದ ವಿಮಾನಗಳೆಲ್ಲ ಇಲ್ಲಿಗೆ ಬಂದವು. ಹಳೇದನ್ನು ಮುಚ್ಚಬೇಡಿ, ಹೊಸದು ತುಂಬಾ ದೂರ ಅನ್ನೋ ವಾದ ಆಗ ಎಷ್ಟು ಜೋರಾಗಿತ್ತು ಅಂತ ಹಳಬರಿಗೆ ನೆನಪಿರಬಹುದು. ಅಷ್ಟು ದೊಡ್ಡ ನಿಲ್ದಾಣ ಕಟ್ಟಿದರು, ಅಲ್ಲಿಗೊಂದು ರೈಲು ಮಾತ್ರ ಇರಲಿಲ್ಲ. 1915ರ ಹಳಿ ನಿಲ್ದಾಣದ ಕಾಂಪೌಂಡಿನ ಪಕ್ಕದಲ್ಲೇ ಹೋಗುತ್ತಿತ್ತು. ಅದರ ಮೇಲೊಂದು ಹಾಲ್ಟ್ ಸ್ಟೇಷನ್ ಆಗೋಕೆ 2021ರ ಜನವರಿ ಬರಬೇಕಾಯಿತು. ಹನ್ನೆರಡೂವರೆ ವರ್ಷ!

ಅದೇ 2008ರ ಮೇ ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ಇನ್ನೂ ವರ್ಷ ತುಂಬಿರಲಿಲ್ಲ (2007ರ ಜುಲೈ 1ರಿಂದ ಜಾರಿಯಾಗಿತ್ತು). ವಿಮಾನ ನಿಲ್ದಾಣ ತೆರೆಯುವ ಕೆಲವೇ ದಿನ ಮೊದಲು ಬೆಂಗಳೂರಿನ ಹೊರವಲಯ, ಕೋಲಾರ, ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಕೂಲಿಯವರು, ಗಾರೆ ಕೆಲಸದವರು. ಊರು ಕಟ್ಟೋಕೆ ಬಂದವರು. ಅಂಗಡಿ ಮುಚ್ಚಿದರೂ ಕುಡಿಯುವವನ ದಾಹ ಮುಚ್ಚಲಿಲ್ಲ, ಆ ದಾಹ ತಣಿಸೋಕೆ ಮಾಲು ತನ್ನ ದಾರಿ ತಾನೇ ಮಾಡಿಕೊಂಡು ಬಂತು. ಯಾವ ನಂಬರಿನ ಬಸ್ಸಿಗೂ ಕಾಯಲಿಲ್ಲ.

ಮಾತು ಬಹಳ, ಗಾಡಿ ಕಮ್ಮಿ

ನಿಲ್ದಾಣ ಬಂದ ಮೇಲೆ ಉತ್ತರ ಬೆಂಗಳೂರಿನಲ್ಲಿ ಸಾರಿಗೆಯ ಜಗಳಗಳ ಜಾತ್ರೆಯೇ ಶುರುವಾಯಿತು. ದೊಡ್ಡದು 2016ರದ್ದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ಏಳು ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, ವೆಚ್ಚ 1,791 ಕೋಟಿ, ಕಡಿಯಬೇಕಾದ ಮರ ಎಂಟುನೂರಕ್ಕೂ ಹೆಚ್ಚು. ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ನಾನೂ ಹೋಗಿದ್ದೆ, ಮೇಖ್ರಿ ಸರ್ಕಲ್ ಹತ್ತಿರ ನಿಂತಿದ್ದೆ. "ಸೇತುವೆ ಬೇಡ, ಬಸ್ಸು ರೈಲು ಕೊಡಿ" ಅನ್ನೋದು ಅಲ್ಲಿದ್ದ ಬಹಳ ಜನರ ಮಾತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸೇತುವೆ ನಿಂತಿತು ಸರಿ, ಕೇಳಿದ ರೈಲು ಬರಲಿಲ್ಲ.

ಮೆಟ್ರೋ ದಾರಿ ಯಾವುದು ಅಂತ 2016ರಲ್ಲಿ ಜನರ ಅಭಿಪ್ರಾಯ ಕೇಳಿದರು. ಮೊದಲು ನಾಗವಾರದಿಂದ ರಾಮಕೃಷ್ಣ ಹೆಗಡೆ ನಗರ, ಜಕ್ಕೂರು, ಯಲಹಂಕದ ಮೇಲೆ ಅಂತ ಆಯಿತು. ಆ ದಾರಿಯಲ್ಲಿ ಪೆಟ್ರೋಲಿಯಂ ಪೈಪು ಇದೆ ಅಂತ ಗೊತ್ತಾಗಿ 2019ರ ಹೊತ್ತಿಗೆ ಹೆಬ್ಬಾಳದ ಕಡೆ ತಿರುಗಿಸಿದರು. ಕೇಂದ್ರ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣದವರೆಗೆ 58 ಕಿಲೋಮೀಟರ್, 14,788 ಕೋಟಿ. ಇನ್ನು 1983ರಿಂದ ಮಾತಾಡಿಕೊಂಡು ಬಂದ ಉಪನಗರ ರೈಲಿಗೆ 2022ರ ಜೂನ್ 20ರಂದು ಪ್ರಧಾನಿ ಅಡಿಗಲ್ಲು ಹಾಕಿದರು. ನಾಲ್ಕು ದಾರಿಗೂ ಚೆಂದದ ಹೆಸರು ಇಟ್ಟರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಯಲಹಂಕದ ಮೇಲೆ ದೇವನಹಳ್ಳಿಗೆ ಹೋಗೋದು ಸಂಪಿಗೆ. ಮೊದಲು ಕೆಲಸ ಹಿಡಿದದ್ದು ಮಲ್ಲಿಗೆ ಮತ್ತು ಕನಕಕ್ಕೆ. ನಮ್ಮ ಸಂಪಿಗೆ ಇನ್ನೂ ಮೊಗ್ಗು ಕಟ್ಟಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಹದಿನೇಳು ಹದಿನೆಂಟು ವರ್ಷದಲ್ಲಿ ಬಾಗಲೂರಿನ ಸುತ್ತ ಬಡಾವಣೆ ಬಂತು, ಕಾಲೇಜು ಬಂತು, ಏರೋಸ್ಪೇಸ್ ಪಾರ್ಕ್ ಬಂತು, ಊರಿನ ಕಸ ಹಾಕೋಕೆ ಕ್ವಾರಿಗಳನ್ನೂ ಹುಡುಕಿಕೊಂಡರು. ಸಾವಿರಾರು ಎಳೇ ಹುಡುಗ ಹುಡುಗಿಯರು ಬಾಡಿಗೆ ಮನೆಗಳಿಗೆ ಬಂದರು. ಅವರನ್ನು ಓಡಾಡಿಸೋ ಗಾಡಿ ಮಾತ್ರ ಬರಲಿಲ್ಲ.

ಹಾಗಾದರೆ ಮಾಲು ಹೇಗೆ ಬಂತು?

ಈಗ ನಮ್ಮ ಹಿರಿಯರ ಮಾತಿಗೆ ಬರೋಣ. ಪೊಲೀಸರೇ ಹೊರಗೆ ಹೇಳಿದ ಕೆಲವು ದೊಡ್ಡ ಪ್ರಕರಣಗಳನ್ನು ನೋಡಿ.

2020ರ ಸೆಪ್ಟೆಂಬರ್. ಚಿತ್ರರಂಗದ ಡ್ರಗ್ಸ್ ಸುದ್ದಿಯಲ್ಲಿ ಟಿವಿಗಳೆಲ್ಲ ಮುಳುಗಿದ್ದಾಗ, ಶೇಷಾದ್ರಿಪುರದ ಪೊಲೀಸರು ಒಬ್ಬ ಆಟೋದವನನ್ನು ಸ್ವಲ್ಪ ಗಾಂಜಾದ ಜೊತೆ ಹಿಡಿದರು. ಅವನಿಂದ ಎಳೆ ಹಿಡಿದು ಹೋದರೆ ದಾರಿ ಮುಟ್ಟಿದ್ದು ಕಲಬುರಗಿಯ ಒಂದು ಕುರಿ ಫಾರಂಗೆ. ಅಲ್ಲಿ ನೆಲದಡಿಯ ಗುಂಡಿಯಲ್ಲಿ 1,300 ಕಿಲೋಗೂ ಹೆಚ್ಚು ಗಾಂಜಾ. ಒಡಿಶಾದಿಂದ ತರಕಾರಿ ಲಾರಿಯಲ್ಲಿ ಬಂದದ್ದು.

2024-25ರಲ್ಲಿ ಮಂಗಳೂರು ಪೊಲೀಸರ ಪ್ರಕರಣ ಇನ್ನೂ ದೊಡ್ಡದು. ಮಂಗಳೂರಿನಲ್ಲಿ ಒಬ್ಬನ ಹತ್ತಿರ ಸಿಕ್ಕ ಕೆಲವೇ ಗ್ರಾಂ ಎಂಡಿಎಂಎಯಿಂದ ಶುರುವಾಗಿ, 2025ರ ಮಾರ್ಚಿನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಸುಮಾರು 38 ಕಿಲೋ ಸಿಕ್ಕಿತು. ಬೆಲೆ 75 ಕೋಟಿ ಅಂತ ಹೇಳಿದರು. ತಂದವರು ದೆಹಲಿಯಿಂದ ವಿಮಾನದಲ್ಲಿ, ಟ್ರಾಲಿ ಬ್ಯಾಗಿನಲ್ಲಿ. ಅವರು ಹೀಗೆ ಒಂದೆರಡು ಸಲ ಅಲ್ಲ, ಹತ್ತಾರು ಸಲ ವಿಮಾನದಲ್ಲಿ ಓಡಾಡಿದ್ದರು.

2024ರಲ್ಲಿ ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಸಿಸಿಬಿಯವರು ನೂರಾರು ಪಾರ್ಸೆಲ್ ತಡಕಿ ಕೋಟಿಗಟ್ಟಲೆ ಮಾಲು ತೆಗೆದರು. ಅದು ಬಂದದ್ದು ಸ್ಟಾಂಪು ಹಚ್ಚಿಕೊಂಡು.

ಕೊನೆಯದು ನಮ್ಮ ಮಗ್ಗುಲಲ್ಲೇ. 2025ರ ಡಿಸೆಂಬರ್ ಕೊನೆಗೆ ಮಹಾರಾಷ್ಟ್ರದ ಮಾದಕವಸ್ತು ನಿಗ್ರಹ ಪಡೆಯವರು ಬೆಂಗಳೂರಿಗೆ ಬಂದು, ಮೆಫೆಡ್ರೋನ್ ತಯಾರಿಸುವ ಜಾಗಗಳನ್ನು ಹಿಡಿದಿದ್ದೇವೆ, ಮಾಲಿನ ಬೆಲೆ 55 ಕೋಟಿಗೂ ಹೆಚ್ಚು ಅಂದರು. ಅವರು ಹೇಳಿದ ಜಾಗಗಳಲ್ಲಿ ಕಣ್ಣೂರಿನ ಕಡೆಯ ಯರಪ್ಪನಹಳ್ಳಿಯ ಒಂದು ಮನೆಯೂ ಇತ್ತು. ಕಾರ್ಖಾನೆ ಅನ್ನೋ ಮಾತನ್ನು ನಮ್ಮ ಸರ್ಕಾರ ಒಪ್ಪಲಿಲ್ಲ. ಆದರೂ ಸ್ಥಳೀಯ ಠಾಣೆಗಳ ಮೂವರು ಇನ್ಸ್‌ಪೆಕ್ಟರುಗಳು ಅಮಾನತಾದರು. ಯರಪ್ಪನಹಳ್ಳಿ ನಮ್ಮಿಂದ ದೂರ ಏನಿಲ್ಲ. ಸುದ್ದಿ ಓದಿದ ದಿನ ರಾತ್ರಿ ನನ್ನ ಹೆಂಡತಿ ಎರಡು ಸಲ ಎದ್ದು ಬಾಗಿಲ ಚಿಲಕ ನೋಡಿ ಬಂದಳು.

ಆಟೋ, ಲಾರಿ, ವಿಮಾನ, ಅಂಚೆ, ಬಾಡಿಗೆ ಮನೆ. ಈ ಪಟ್ಟಿಯಲ್ಲಿ ಸಿಟಿ ಬಸ್ಸು ಎಲ್ಲಿದೆ ಹೇಳಿ?

ಪ್ರಾಮಾಣಿಕವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಡಿಶಾ, ಆಂಧ್ರದ ಕಡೆಯಿಂದ ಬರೋ ದೂರದ ರೈಲುಗಳಲ್ಲಿ ಗಾಂಜಾ ಸಿಗೋದು ಸುಳ್ಳಲ್ಲ. ಸೀಟಿನ ಕೆಳಗೆ ವಾರಸುದಾರರಿಲ್ಲದ ಬ್ಯಾಗು ಅನ್ನೋ ಸುದ್ದಿ ಆಗಾಗ ಬರುತ್ತೆ. ಅದಕ್ಕೇ 2019ರಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ಹಿಡಿಯುವ ಅಧಿಕಾರವನ್ನು ರೈಲ್ವೆ ರಕ್ಷಣಾ ಪಡೆಗೂ ಕೊಟ್ಟರು. ಆದರೆ ಗಮನಿಸಿ, ಸಿಗುತ್ತೆ ಅಂದ್ರೆ ಅಲ್ಲಿ ನೋಡೋರು ಇದ್ದಾರೆ ಅಂತ. ರೈಲಲ್ಲಿ ಟಿಟಿ ಇರ್ತಾನೆ, ಸಹಪ್ರಯಾಣಿಕರು ಇರ್ತಾರೆ, ಪ್ಲಾಟ್‌ಫಾರಂನಲ್ಲಿ ಪೊಲೀಸ್ ಇರ್ತಾನೆ. ಮೆಟ್ರೋದಲ್ಲಂತೂ ಊಟದ ಡಬ್ಬಿಯನ್ನೂ ಬಿಡದೆ ಯಂತ್ರದೊಳಗೆ ತೂರಿಸ್ತಾರೆ. ಅಲ್ಲಿನ ಕಾವಲು ಎಷ್ಟರಮಟ್ಟಿಗೆ ಅಂದ್ರೆ, 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಸ್ಟೇಷನ್ನಿನಲ್ಲಿ ಟಿಕೆಟ್ ತಗೊಂಡಿದ್ದ ಒಬ್ಬ ರೈತರನ್ನು ಬಟ್ಟೆ ಕೊಳಕು ಅಂತ ತಡೆದು ನಿಲ್ಲಿಸಿದ್ದರು. ಜನ ಗಲಾಟೆ ಮಾಡಿದ ಮೇಲೆ ತಡೆದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ತಲೆ ಮೇಲೆ ಮೂಟೆ ಹೊತ್ತ ರೈತರು ಕಣ್ಣಿಗೆ ಬೀಳ್ತಾರೆ, ಟ್ರಾಲಿ ಬ್ಯಾಗು ಎಳೆದುಕೊಂಡು ಹೋಗೋರು ಬೀಳಲ್ಲ. ನಮ್ಮ ಅನುಮಾನದ ದಿಕ್ಕೇ ತಪ್ಪಿದೆ ಅನ್ನಿಸೋದು ಇಲ್ಲೇ.

ಆಮೇಲೆ ಆ 20 ಕಿಲೋ ಮತ್ತು 10 ಗ್ರಾಂ ಲೆಕ್ಕ. ಮಾಲು ಚೀಲದಿಂದ ಜೇಬಿಗೆ ಇಳಿದ ಮೇಲೆ ಅದಕ್ಕೆ ಬಸ್ಸೂ ಬೇಡ, ಬಸ್ ಸ್ಟಾಪೂ ಬೇಡ. ಫೋನಿನಲ್ಲಿ ಮಾತು, ಫೋನಿನಲ್ಲೇ ದುಡ್ಡು, ಗೇಟಿನ ಹತ್ತಿರ ಒಂದು ಬೈಕು. ನಮ್ಮ ಸೆಕ್ಯುರಿಟಿಯವನು ಊಟ ತಂದವನಿಗೂ ಅದಕ್ಕೂ ವ್ಯತ್ಯಾಸ ಹೇಗೆ ಹೇಳ್ತಾನೆ ಪಾಪ?

ಅಟ್ಲಾಂಟಾದಿಂದ ಒಂದು ಪಾಠ

ಈ ಭಯ ನಮ್ಮದಷ್ಟೇ ಅಲ್ಲ ಅಂತ ಓದುವಾಗ ಗೊತ್ತಾಯಿತು. ಅಮೆರಿಕದ ಅಟ್ಲಾಂಟಾ ನಗರ 1960ರ ದಶಕದಲ್ಲಿ ಮಾರ್ಟಾ ಅನ್ನೋ ಬಸ್ಸು-ರೈಲು ವ್ಯವಸ್ಥೆಗೆ ಯೋಜನೆ ಹಾಕಿತು. ಸುತ್ತಲಿನ ಕೌಂಟಿಗಳು (ನಮ್ಮ ತಾಲೂಕು, ಜಿಲ್ಲೆ ಇದ್ದ ಹಾಗೆ) ಓಟು ಹಾಕಿ ಒಪ್ಪಬೇಕಿತ್ತು. ಕಾಬ್ ಅನ್ನೋ ಕೌಂಟಿ 1965ರಲ್ಲೇ ಬೇಡ ಅಂತು. 1971ರಲ್ಲಿ ಗ್ವಿನೆಟ್ ಮತ್ತು ಕ್ಲೇಟನ್ ಬೇಡ ಅಂದವು. ತೆರಿಗೆ ಹೆಚ್ಚಾಗುತ್ತೆ ಅನ್ನೋದು ಒಂದು ಕಾರಣ. ನಗರದಿಂದ ಅಪರಾಧ ರೈಲು ಹತ್ತಿಕೊಂಡು ಬರುತ್ತೆ ಅನ್ನೋದು ಇನ್ನೊಂದು. 'ಅಪರಾಧ' ಅನ್ನೋ ಮಾತಿನ ಹಿಂದೆ ಕರಿಯರು ಬರಬಾರದು ಅನ್ನೋ ಮನಸ್ಸಿತ್ತು ಅಂತ ಅಲ್ಲಿಯವರೇ ಇವತ್ತು ಬರೆಯುತ್ತಾರೆ. ಗ್ವಿನೆಟ್ 1990ರಲ್ಲಿ ಮತ್ತೆ ಬೇಡ ಅಂತು. 2019, 2020, 2024ರಲ್ಲೂ ಓಟು ನಡೆದು ಸೋತಿತು.

ಅಪರಾಧ ಬಾರದೇ ಉಳಿಯಿತಾ? 2000ದ ದಶಕದ ಕೊನೆಗೆ ಇದೇ ಗ್ವಿನೆಟ್ ಮೆಕ್ಸಿಕೋದ ಮಾದಕ ಜಾಲಗಳ ದೊಡ್ಡ ಹಂಚಿಕೆ ಕೇಂದ್ರ ಅಂತ ಅಲ್ಲಿನ ಪೊಲೀಸರೇ ಹೇಳುವ ಹಾಗಾಯಿತು. ಕಾರಣ ಸರಳ. ಒಳ್ಳೆ ಹೆದ್ದಾರಿ, ದಿನಾ ಸಾವಿರಾರು ಟ್ರಕ್ಕು, ಅಕ್ಕಪಕ್ಕದವರು ಯಾರು ಅಂತ ಗೊತ್ತಿರದ ಚೆಂದದ ಬಡಾವಣೆಗಳು. ರೈಲನ್ನು ಬಾಗಿಲಲ್ಲಿ ತಡೆದರು, ಮಾಲು ಹೆದ್ದಾರಿಯಿಂದ ನೇರ ಗ್ಯಾರೇಜಿಗೆ ಬಂತು. ಓದುತ್ತಾ ಓದುತ್ತಾ ನನಗೆ ಬಳ್ಳಾರಿ ರಸ್ತೆ ಕಣ್ಣೆದುರು ಬಂತು, ಸುಳ್ಳು ಯಾಕೆ ಹೇಳಲಿ.

ಹೊರಗಿನವರ ಮೇಲಿನ ಭಯ ನಮ್ಮಲ್ಲಿ ಏನು ಮಾಡಿಸಿದೆ ಅನ್ನೋದನ್ನೂ ಮರೆಯೋ ಹಾಗಿಲ್ಲ. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಒಬ್ಬ ಸುಡಾನಿನವನ ಕಾರು ಹೊಡೆದು ಒಬ್ಬ ಹೆಂಗಸು ಸತ್ತರು. ಅರ್ಧ ಗಂಟೆಯ ಮೇಲೆ ಅದೇ ದಾರಿಯಲ್ಲಿ ಬಂದ, ಅದಕ್ಕೆ ಏನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಆಕೆ ತಪ್ಪಿಸಿಕೊಳ್ಳೋಕೆ ಬಸ್ಸು ಹತ್ತಲು ಹೋದಾಗ ಒಳಗಿದ್ದವರು ಹೊರಗೆ ದಬ್ಬಿದರು ಅಂತ ಆಗ ವರದಿಯಾಯಿತು. ಬಸ್ಸಿನ ಬಾಗಿಲು ಯಾರಿಗೆ ತೆರೀಬೇಕು, ಯಾರಿಗೆ ಮುಚ್ಚಬೇಕು ಅನ್ನೋ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತೆ.

ಹೂವಿನ ಅಕ್ಕ

ಇಷ್ಟು ಚರಿತ್ರೆ ಓದಿದ ಮೇಲೂ ನನಗೆ ಉತ್ತರ ಸಿಕ್ಕಿದ್ದು ಮನೆ ಬಾಗಿಲಲ್ಲಿ. ನಮ್ಮ ಬೀದಿಗೆ ಹೂವು ಕೊಡೋಕೆ ಬರೋ ಒಬ್ಬ ಅಕ್ಕ ಇದ್ದಾರೆ, ಬಾಗಲೂರಿನ ಮೂಲದವರೇ. ಎರಡು ವಾರ ಬಂದಿರಲಿಲ್ಲ. ಬಂದಾಗ ವಿಚಾರಿಸಿದೆ. ಸುಮ್ಮನೆ ಮೊಳ ಹಾಕ್ತಾ ನಿಂತಿದ್ದರು, ಆಮೇಲೆ ಮೆಲ್ಲಗೆ ಶುರು ಮಾಡಿದರು.

"ಚಿಕ್ಕೋನು ಸಾರ್, ಪುಡಿ ತಗೊಳ್ಳೋದು ಕಲ್ತುಬಿಟ್ಟವ್ನೆ. ನಿಮ್ಹಾನ್ಸಿಗೆ ಕರ್ಕೊಂಡ್ ಓಗಿದ್ದೆ."

"ಎಲ್ಲಿಂದ ಸಿಗ್ತಿತ್ತಕ್ಕ ಅವನಿಗೆ?"

"ಎಲ್ಲಿಗೂ ಓಗ್ತಿರಲಿಲ್ಲ ಸಾರ್, ಮನೆ ತಾವ್ಕೇ ಬರ್ತಿತ್ತು. ಬೈಕಲ್ಲಿ ಬಂದು ಕೊಟ್ಟು ಓಯ್ತಿದ್ರು. ನಾನು ಊಟ ತರ್ಸ್ಕತಾನೆ ಅಂದ್ಕಂಡಿದ್ದೆ."

ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ವಿಭಾಗ ಹೊಸೂರು ರಸ್ತೆಯಲ್ಲಿದೆ, ನಮ್ಮಿಂದ ನಗರದ ಆ ತುದಿ. ಅಕ್ಕ ಬೆಳಗಿನ ಜಾವ ಎದ್ದು, ಮಗನನ್ನು ಎಬ್ಬಿಸಿ, ಮುಖ್ಯರಸ್ತೆವರೆಗೆ ನಡೆಸಿಕೊಂಡು ಹೋಗಿ, ಶಿವಾಜಿನಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಟಿಕೆಟ್ಟಿಲ್ಲ, ಮಗನಿಗೆ ಮಾತ್ರ. "ಡಾಕ್ಟ್ರು ಚೆನ್ನಾಗಿ ಮಾತಾಡಿಸ್ತಾರೆ. ವಾರವಾರ ಕರ್ಕೊಂಬಾ ಅಂತಾರೆ. ಆ ನಡಿಯೋ ಟೈಮಲ್ಲೇ ಅವನು ಬರಾಕಿಲ್ಲ ಅಂತ ಕೂತ್ಬಿಡ್ತಾನೆ ಸಾರ್. ಬಸ್ಸು ಹತ್ತಿಸ್ಬಿಟ್ರೆ ಆಯ್ತು, ಆಮ್ಯಾಕೆ ಇಳಿಯಾಕಿಲ್ಲ" ಅಂದರು.

ಎನ್‌ಡಿಪಿಎಸ್ ಕಾಯ್ದೆಯಲ್ಲೇ ಒಂದು ಕಲಂ ಇದೆ, 64ಎ ಅಂತ. ವ್ಯಸನಿಯಾದವನು ಅಲ್ಪ ಪ್ರಮಾಣದ ಮಾಲಿನ ಜೊತೆ ಸಿಕ್ಕಿ, ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳಬೇಕು ಅನ್ನೋದು ಷರತ್ತು. ಕಾನೂನು ಬಾಗಿಲು ತೆರೆದಿದೆ, ಆಸ್ಪತ್ರೆ ಬಾಗಿಲು ತೆರೆದಿದೆ. ಮಧ್ಯೆ ಇರೋದು ಆ ಇಪ್ಪತ್ತು ನಿಮಿಷದ ಕತ್ತಲೆ ರಸ್ತೆ. ಬೈಕಿನವನು ಮನೆ ಬಾಗಿಲಿಗೆ ಬರ್ತಾನೆ. ಅವನಿಂದ ದೂರ ಕರ್ಕೊಂಡು ಹೋಗೋ ಬಸ್ಸು ಮಾತ್ರ ಬರೋದಿಲ್ಲ.

ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಾಗಲೂರಿಗೆ ಮೊದಲು ಬಂದದ್ದು ಮಾಲು. ಅದು ಬಸ್ಸಿಗಾಗಿ ಕಾಯಲಿಲ್ಲ, ಕಾಯೋದೂ ಇಲ್ಲ. ಬಸ್ಸಿಗಾಗಿ ಕಾಯೋರು ಹೂವಿನ ಅಕ್ಕನಂಥವರು. ಬಸ್ ಸ್ಟಾಪ್ ಬೇಡ ಅಂತ ನಾವು ಕೈ ಎತ್ತಿದಾಗ ತಡೆದದ್ದು ಅವರನ್ನ.

ಮೊನ್ನೆ ಭಾನುವಾರ ನಮ್ಮ ಹಿರಿಯರ ಮನೆಗೆ ಹೋಗಿ ಈ ಕತೆಯನ್ನೆಲ್ಲ ಹೇಳಿದೆ. ಅಕ್ಕನ ಹೆಸರು ಹೇಳಲಿಲ್ಲ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಬೀದಿದೀಪ ಹಾಕಿಸ್ತೀನಿ ಅಂತ ಅರ್ಜೀಲಿ ಸೇರಿಸು, ಸಹಿ ಹಾಕ್ತೀನಿ" ಅಂದರು. ಸೇರಿಸಿದೆ. ಹನ್ನೆರಡನೇ ಸಹಿ ಅವರದ್ದು. ಇನ್ನೂ ಇಪ್ಪತ್ತೆಂಟು ಮನೆ ಇದೆ.

ನಿಮ್ಮ ಬಡಾವಣೆಯಲ್ಲೂ ಇಂಥ ಜಗಳ ನಡೆದಿದೆಯಾ? ಬಸ್ಸು ಬಂದ ಮೇಲೆ ಏನಾಯಿತು? ಗೊತ್ತಿದ್ದವರು ಬರೆಯಿರಿ, ಮುಂದಿನ ಮೀಟಿಂಗಿಗೆ ನನಗೂ ಬೇಕಾಗುತ್ತೆ.